ಬಿಸಿಲಿಗಿಟ್ಟರೆ ಸೆಲ್ ಚಾರ್ಜ್ ಆಗುತ್ತದೆಯೇ?

ರಿಮೋಟ್ ಮೊಂಡಾಟ ಹಿಡಿದರೆ ಸೆಲ್ ತೆಗೆದು ಅಂಗೈಯಲ್ಲಿ ಉಜ್ಜುವುದು, ಕಿಟಕಿಯ ಬಿಸಿಲಿಗಿಡುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಬಳಸಿ ಬಿಸಾಡುವ ಸೆಲ್ ಮತ್ತು ಮರುಚಾರ್ಜ್ ಸೆಲ್‌ಗಳ ಸುತ್ತ ಬೆಳೆದ ಇಂಥ ನಂಬಿಕೆಗಳಲ್ಲಿ ಎಷ್ಟು ನಿಜ?

ಕಲ್ಪನೆ: ಬಿಸಿಲು ಕಾಯಿಸಿದರೆ ಸತ್ತ ಸೆಲ್‌ಗೆ ಜೀವ ಬರುತ್ತದೆ.
ಸತ್ಯ: ಸೆಲ್‌ಗೆ ಬಿಸಿಲಿನಿಂದ ಹೊಸ ಶಕ್ತಿ ಸೇರುವುದಿಲ್ಲ. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಅಳಿದುಳಿದದ್ದು ಸ್ವಲ್ಪ ಹೊತ್ತು ಒದಗುತ್ತದೆ, ಅಷ್ಟೇ. ಅಗ್ಗದ ಸೆಲ್‌ನ ಸತುವಿನ ಡಬ್ಬಿಯೇ ಅದರ ಇಂಧನ. ವಿದ್ಯುತ್ ಕೊಡುತ್ತಾ ಡಬ್ಬಿ ಸವೆಯುತ್ತದೆ. ಹಳೆಯ ಸೆಲ್ ಸೋರಿ ಟಾರ್ಚ್ ಕೆಡಿಸುವುದು ಇದರಿಂದಲೇ.

ಕಲ್ಪನೆ: ಚಾರ್ಜರ್‌ನಲ್ಲಿ ಯಾವ ಸೆಲ್ ಕೂರಿಸಿದರೂ ಚಾರ್ಜ್ ಆಗುತ್ತದೆ.
ಸತ್ಯ: ಮಾಮೂಲು ಆಲ್ಕಲೈನ್ ಸೆಲ್‌ಗೆ ಕರೆಂಟ್ ಕೊಟ್ಟರೆ ಒಳಗೆ ಅನಿಲ ಉಂಟಾಗಿ, ಚರ್ಮ ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಬಹುದು. ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನ ರಚನೆಯೇ ಬೇರೆ. ಅದರಲ್ಲಿ ಹೈಡ್ರೋಜನ್ ಒಂದು ಮಿಶ್ರಲೋಹದೊಳಗೆ ಸೇರಿ, ಮತ್ತೆ ಹೊರಬರುತ್ತದೆ. ಈ ಕ್ರಿಯೆಯನ್ನು ನೂರಾರು ಸಲ ಹಿಂದುಮುಂದಾಗಿಸಬಹುದು.

ಕಲ್ಪನೆ: 1.5 ವೋಲ್ಟ್ ಎದುರು 1.2 ವೋಲ್ಟ್‌ನ ಮರುಚಾರ್ಜ್ ಸೆಲ್ ದುರ್ಬಲ.
ಸತ್ಯ: ಆಲ್ಕಲೈನ್ ಸೆಲ್‌ನಲ್ಲಿ 1.5 ವೋಲ್ಟ್ ಇರುವುದು ಹೊಸದರಲ್ಲಿ ಮಾತ್ರ. ಬಳಸುತ್ತಾ ಹೋದಂತೆ ಅದು ಒಂದೇ ಸಮನೆ ಇಳಿದು ಕೊನೆಗೆ 1 ವೋಲ್ಟ್‌ಗಿಂತಲೂ ಕೆಳಗೆ ಹೋಗುತ್ತದೆ. ಮರುಚಾರ್ಜ್ ಸೆಲ್ ಬಹುಪಾಲು ಕಾಲ 1.2ರ ಆಸುಪಾಸಿನಲ್ಲೇ ನಿಂತು ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಅದರ ಆಂತರಿಕ ರೋಧವೂ ಕಡಿಮೆ. ಹಾಗಾಗಿ ಕ್ಯಾಮೆರಾ ಫ್ಲಾಶ್, ಮೋಟಾರಿನ ಆಟಿಕೆಗಳಂತೆ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುವ ಸಾಧನಗಳಲ್ಲಿ ಅದೇ ಮುಂದು.

ಕಲ್ಪನೆ: ಹಾಗಾದರೆ ಎಲ್ಲ ಕಡೆಯೂ ಮರುಚಾರ್ಜ್ ಸೆಲ್ಲೇ ಲಾಭ.
ಸತ್ಯ: ಗೋಡೆ ಗಡಿಯಾರ ಕುಡಿಯುವ ಕರೆಂಟ್ ಅತ್ಯಲ್ಪ, ಅಗ್ಗದ ಸೆಲ್ಲೇ ತಿಂಗಳುಗಟ್ಟಲೆ ನಡೆಸುತ್ತದೆ. ದುಬಾರಿ ಸೆಲ್‌ಗೆ ಹಾಕಿದ ಹಣ ಹುಟ್ಟುವುದು ಅದನ್ನು ಪದೇ ಪದೇ ಚಾರ್ಜ್ ಮಾಡಿದಾಗ. ಹಳೆಯ ಮಾದರಿಯ ಮರುಚಾರ್ಜ್ ಸೆಲ್‌ಗಳು ಸುಮ್ಮನೆ ಇಟ್ಟಲ್ಲೇ ಖಾಲಿಯಾಗುತ್ತಿದ್ದವು. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ತಂದ ಎನಿಲೂಪ್ ಬಗೆಯವು ವರ್ಷವಾದರೂ ಹೆಚ್ಚಿನ ಚಾರ್ಜ್ ಉಳಿಸಿಕೊಳ್ಳುತ್ತವೆ.

ಕಲ್ಪನೆ: ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಬೇಕು.
ಸತ್ಯ: ಇದು ಹಳೆಯ ನಿಕಲ್ ಕ್ಯಾಡ್ಮಿಯಂ ಮರುಚಾರ್ಜ್ ಸೆಲ್‌ಗಳ ಕಾಲದ ಬುದ್ಧಿಮಾತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಗೆ, ಅಂದರೆ ಇಂದಿನ ಮೊಬೈಲ್‌ಗಳಲ್ಲಿರುವುದಕ್ಕೆ, ಈ ಮಾತು ಹೊಂದುವುದಿಲ್ಲ. ಪದೇ ಪದೇ ಪೂರ್ತಿ ಬರಿದಾಗಿಸಿದರೆ ಅದರ ಆಯುಸ್ಸೇ ಕುಗ್ಗುತ್ತದೆ.

ಕಲ್ಪನೆ: ಚಿಕ್ಕ ಸೆಲ್ ತಾನೇ, ಕಸದ ಬುಟ್ಟಿಗೆ ಹಾಕಿದರಾಯಿತು.
ಸತ್ಯ: ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿ ಬಿಸಾಡುವ, ಮರುಚಾರ್ಜ್ ಎರಡೂ ಬಗೆಯ ಸೆಲ್‌ಗಳಿಗೆ ಅನ್ವಯಿಸುತ್ತವೆ, ಮನೆಯ ಇತರ ಕಸದೊಂದಿಗೆ ಬೆರೆಸುವಂತಿಲ್ಲ. ಜಜ್ಜಿಹೋದ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲೇ ಹೊತ್ತಿಕೊಳ್ಳಬಹುದು. ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.