ಒಂದು ಗುಲಗಂಜಿಯ ತೂಕ

ಇಲವಾಲದ ನಮ್ಮ ಮನೆಗೆ ಕೃಷ್ಣರಾಜಸಾಗರವು ದೂರವಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಈ ಮೂರು ನದಿಗಳೂ ಆ ಜಲಾಶಯದಲ್ಲಿ ಒಂದಾಗುವುವೆಂಬುದನ್ನು ವಾಚಕರು ಬಲ್ಲರು. ಆದರೆ ಆ ಸಂಗಮವು ಕಣ್ಣಿಗೆ ಕಾಣದು. ಅಣೆಕಟ್ಟೆಯ ನೀರು ಅದನ್ನು ಮುಚ್ಚಿದೆ. ಎರಡು ಮಹಾನದಿಗಳು ಕೂಡುವ ಬಗೆಯನ್ನು ಕಣ್ಣಾರೆ ನೋಡಬೇಕಾದವರು ಮೈಸೂರಿನಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರು ನಡೆದು ತಿರುಮಕೂಡಲು ನರಸೀಪುರವನ್ನು ಸೇರಬೇಕು.

‘ಕೂಡಲು’ ಎಂಬುದು ಅಚ್ಚಗನ್ನಡದ ಮಾತು. ಸಂಗಮವೆಂದೇ ಅದರ ಅರ್ಥ. ಇಲ್ಲಿ ಕೊಡಗಿನಿಂದ ಬರುವ ಕಾವೇರಿಯೂ ವಯನಾಡಿನಿಂದ ಬರುವ ಕಪಿಲೆಯೂ ಸೇರುತ್ತವೆ. ಪ್ರಯಾಗದಲ್ಲಿ ಸರಸ್ವತಿಯು ಗುಪ್ತಗಾಮಿನಿಯಾಗಿರುವಂತೆ ಇಲ್ಲಿ ಸ್ಫಟಿಕ ಸರೋವರವು ಅಗೋಚರವಾಗಿ ಕೂಡುವುದೆಂದು ಆಸ್ತಿಕರ ನಂಬಿಕೆ. ಆದುದರಿಂದಲೇ ಇದಕ್ಕೆ ದಕ್ಷಿಣ ಪ್ರಯಾಗವೆಂಬ ಹೆಸರು. 1989ರಲ್ಲಿ ಮೊದಲಾದ ಕುಂಭಮೇಳವು ಮೂರು ವರ್ಷಗಳಿಗೊಮ್ಮೆ ನಡೆಯತಕ್ಕುದೆಂದು ಇಲ್ಲಿಯ ಕ್ರಮ. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದ ಮೇಳದ ಸಂದಣಿಯು ಕರಗಿದ ಮೇಲೆ ನಾವು ಅಲ್ಲಿಗೆ ಹೊರಟೆವು. ನಮ್ಮ ಪ್ರಯಾಣಕ್ಕೆ ಬೇರೊಂದು ಕಾರಣವಿದ್ದಿತು.

ನಮ್ಮ ತಾಯಿಯವರಿಗೆ ಕಾಶಿಯನ್ನು ಕಾಣಬೇಕೆಂಬ ಹಂಬಲ ಬಹುಕಾಲದ್ದು. ಉಪಾಧ್ಯಾಯರ ಸಂಬಳ, ಮಕ್ಕಳ ಓದು, ಪರೀಕ್ಷೆಯ ಕಾಲ ಎಂದು ನಾವು ವರ್ಷಗಳನ್ನು ತಳ್ಳುತ್ತ ಬಂದೆವು. ‘ಕೆಲಸದಿಂದ ಬಿಡುಗಡೆಯಾಗಲಿ, ಹೋಗೋಣ’ ಎನ್ನುತ್ತಿದ್ದೆವು. ಬಿಡುಗಡೆಯ ದಿನ ಸಮೀಪಿಸುವಷ್ಟರಲ್ಲಿ ಅವರ ಮೊಣಕಾಲುಗಳು ಸೋತಿದ್ದುವು. ಕಡೆಗೆ 2023ರಲ್ಲಿ, ‘ಕೂಡಲಿಗಾದರೂ ಕರೆದುಕೊಂಡು ಹೋಗಪ್ಪ’ ಎಂದರು, ಕರೆದೊಯ್ದೆವು.

ಕಪಿಲೆಯ ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಸ್ವಾಮಿಯು ಬೆರಳುಗಳ ನಡುವೆ ಒಂದು ಗುಲಗಂಜಿಯನ್ನು ಹಿಡಿದಿದ್ದಾನೆ. ಕಾಶಿಗೆ ಹೋಗಲು ಬಯಸಿದ ಅಗಸನೊಬ್ಬನಿಗೆ ದೇವರು ಕಾಣಿಸಿಕೊಂಡು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದೆಂದು ತಿಳಿಸಿದನೆಂದು ಸ್ಥಳಪುರಾಣ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಮೈಯ, ಕಪ್ಪು ಮೂತಿಯ ಬೀಜವದು. ಅದರ ತೂಕ ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು.

ಇಂತಹ ಮಾತುಗಳಿಗೆ ಶಾಸ್ತ್ರಜ್ಞರು ಅರ್ಥವಾದವೆನ್ನುವರು. ಎಂದರೆ ಪ್ರವೃತ್ತಿಯನ್ನುಂಟುಮಾಡಲು ಹೇಳಿದ ಹೊಗಳಿಕೆ. ನಾವು ತರಗತಿಯಲ್ಲಿ ಪಾಠ ಹೇಳುವಂತೆ ತಾಯಿಯವರಿಗೂ ಅದನ್ನೇ ವಿವರಿಸಿದೆವು. ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನನಗೆ ಏನೂ ಕಡಮೆಯಾಗಲಿಲ್ಲವಲ್ಲ?’ ಎಂದರು. ನಾವು ‘ಇಲ್ಲಮ್ಮ’ ಎಂದೆವು. ಮರುವರ್ಷ ಅವರ ಅಸ್ಥಿಯನ್ನು ಇದೇ ಸಂಗಮದಲ್ಲಿ ಬಿಟ್ಟೆವು.

ಈ ಬಾರಿ ಒಬ್ಬರೇ ಹೋಗಿ, ನರಸಿಂಹನ ದರ್ಶನವನ್ನು ಮುಗಿಸಿ, ತಿರುಮಕೂಡಲಿನ ಅಗಸ್ತ್ಯೇಶ್ವರನ ಗುಡಿಗೆ ನಡೆದೆವು. ಅಲ್ಲಿಯ ಲಿಂಗವು ಮರಳಿನದೆಂದು ಪ್ರತೀತಿ. ಲಿಂಗವನ್ನು ತರಲು ಉತ್ತರದೇಶಕ್ಕೆ ಹೋದ ಹನುಮಂತನು ಮುಹೂರ್ತಕ್ಕೆ ಬರದಿರಲು, ಅಗಸ್ತ್ಯರು ನದಿಯ ಮರಳನ್ನೇ ಕೂಡಿಸಿ ಪ್ರತಿಷ್ಠೆ ಮಾಡಿದರಂತೆ. ಎರಡು ಕಥೆಗಳ ತಾತ್ಪರ್ಯವೂ ಒಂದೇ ಎಂದು ನಮಗೆ ಅಂದು ಹೊಳೆಯಿತು: ದೂರದ್ದು ಒದಗದಾಗ ಕೈಗೆ ಸಿಕ್ಕುವ ಮರಳಿನಲ್ಲಿಯೂ ದೇವರು ನಿಲ್ಲುತ್ತಾನೆ.

ಸಂಗಮದ ಸೋಪಾನದ ಮೇಲೆ ಬಹಳ ಹೊತ್ತು ಕುಳಿತಿದ್ದೆವು. ಈ ನೆಲದಲ್ಲಿ 1959ರ ಸುಮಾರಿನಿಂದ ಪುರಾತತ್ತ್ವಜ್ಞ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಸಮಾಧಿಗಳು ದೊರೆತುವು. ಅಗಸ್ತ್ಯರ ಕಥೆ ಹುಟ್ಟುವ ಮೊದಲೇ, ನಮಗೆ ಹೆಸರೂ ತಿಳಿಯದ ಮಕ್ಕಳು ತಮ್ಮ ತಾಯಂದಿರನ್ನು ಈ ನೀರಿನ ಬಳಿಯಲ್ಲಿಯೇ ಒಪ್ಪಿಸಿ ಹೋಗಿರಬೇಕು. ಎದುರಿಗೆ, ಯಾರೋ ಮಿಂದು ಬಿಟ್ಟ ಸೀರೆಯೊಂದು ಕಲ್ಲಿಗೆ ಸಿಕ್ಕಿಕೊಂಡು ನೀರಿನಲ್ಲಿ ಅಲುಗುತ್ತಿದ್ದಿತು. ಅದನ್ನು ಎಳೆದು ದಡಕ್ಕೆ ಹಾಕಿದೆವು.

ಗುಲಗಂಜಿಯ ಮಾತು ಅರ್ಥವಾದವೇ ಆಗಿರಲಿ. ಹೋಗಲಾರದ ಬಡವನಿಗೆ, ಮುದುಕಿಗೆ, ಅಗಸನಿಗೆ ತಕ್ಕಡಿಯನ್ನು ಸರಿದೂಗಿಸಲು ಹಿರಿಯರು ಇಟ್ಟ ತೂಕವದು. ಅವರಿಗೆ ಅದು ಸಾಕು. ಆದರೆ ಕರೆದುಕೊಂಡು ಹೋಗಬಲ್ಲವರಾಗಿದ್ದೂ ನಾಳೆ ಎಂದವರ ಪಾಲಿಗೆ ಅದು ನೆಪವಾಗಲಾರದು. ತಾಯಿಯವರಿಗೆ ಏನೂ ಕಡಮೆಯಾಗಲಿಲ್ಲವೆಂದೇ ನಂಬಿದ್ದೇವೆ. ಕಡಮೆಯಾದುದು ನಮ್ಮ ತಟ್ಟೆಯಲ್ಲಿ.

ಮನೆಯಲ್ಲಿ ಹಿರಿಯರಿರುವ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಅವರು ಹೋಗಬೇಕೆಂದ ಊರು ಯಾವುದೆಂದು ಇಂದೇ ಕೇಳಿ. ಅದು ದೂರವಾದರೆ, ಹತ್ತಿರದ ಕೂಡಲಿಗಾದರೂ ಮುಂದಿನ ಭಾನುವಾರವೇ ಕರೆದುಕೊಂಡು ಹೋಗಿ.