55 ಇಂಚಿನ ಟಿವಿ: ಅಂಗಡಿಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ - ಯಾವ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: ‘ಎಷ್ಟ್ ಇಂಚ್ ಬೇಕ್ರೀ?’ ನಿಮ್ಮ ಪಡಸಾಲೆ ಎಷ್ಟು ಅಗಲ ಅದ, ಮನೆಯಾಗ ಕೇಬಲ್ ಅದನೋ ಡಿಶ್ ಅದನೋ, ಕರೆಂಟ್ ಹೆಂಗ ಬರ್ತದ ಅಂತ ಕೇಳುವವರು ಅಪರೂಪ. ನನ್ನನ್ನು ಈ ಬಗ್ಗೆ ವಿಚಾರಿಸುವ ಪರಿಚಯಸ್ಥರು ಹೆಚ್ಚಾಗಿರುವುದರಿಂದ, ಅವರಿಗೆ ಹೇಳುವುದನ್ನೇ ಇಲ್ಲಿ ಒಂದು ಕಡೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ದೊಡ್ಡ ಟಿವಿ ಬೇಕು ಅನ್ನುವುದು ದುಂದುವೆಚ್ಚ, ತೋರಿಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಈ ಭಾಗಕ್ಕೆ ಟಿವಿ ಬಂದ ಕತೆಯೇ ಬೇರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಜಾಳಿಗೆಯಂಥ ತಂತಿಯ ಆಂಟೆನಾ, ಊರಿಗೊಂದು ಟಿವಿ, ಅದರ ಮುಂದೆ ಇಡೀ ಊರು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಹಾಗಾಗಿ ಟಿವಿ ವಿಷಯದಲ್ಲಿ ನಾವು ಹಿಂದುಳಿದವರೇನಲ್ಲ. ಆಗ ಊರಿಗೊಂದಿದ್ದ ಟಿವಿಯನ್ನು ಸರ್ಕಾರವೇ ಆರಿಸಿ ತಂದಿಟ್ಟಿತ್ತು. ಈಗ ಮನೆಗೊಂದು, ಆರಿಸುವ ಹೊಣೆ ನಮ್ಮದು, ಕಂತು ಕಟ್ಟುವುದೂ ನಾವೇ.

ಬೆಲೆ ಎಷ್ಟು ಇಳಿಯಬೇಕಿತ್ತು?

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ‘ಹತ್ತು ಪರ್ಸೆಂಟ್ ಕಡಿಮೆ ಆಗ್ಯಾದ್ರೀ’ ಅನ್ನುವುದು ಅಂಗಡಿಯ ಮಾತು. ಲೆಕ್ಕ ಹಾಕಿ ನೋಡಿ. ತೆರಿಗೆ ಬಿಟ್ಟು 30,000 ರೂಪಾಯಿಯ ಟಿವಿ ಮೊದಲು 38,400ಕ್ಕೆ ಸಿಗುತ್ತಿತ್ತು, ಈಗ 35,400ಕ್ಕೆ ಸಿಗಬೇಕು. ಅಂದರೆ ನಾವು ಕೊಡುತ್ತಿದ್ದ ಒಟ್ಟು ಬೆಲೆಯಲ್ಲಿ ಇಳಿದದ್ದು ಶೇ 8ರ ಹತ್ತಿರ. ಇನ್ನು 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗಳಿಗೆ ಈ ಬದಲಾವಣೆಗೆ ಮುಂಚೆಯೇ ಶೇ 18 ಇತ್ತು, ಅವುಗಳಲ್ಲಿ ಈ ಸಲ ತೆರಿಗೆ ಇಳಿದಿಲ್ಲ. ‘ಜಿಎಸ್‌ಟಿ ಆಫರ್’ ಎಂದು 32 ಇಂಚಿನ ಟಿವಿ ಮಾರುತ್ತಿದ್ದರೆ ಅದು ಅಂಗಡಿಯ ಸ್ವಂತ ಆಫರ್, ಸರ್ಕಾರದ್ದಲ್ಲ.

ಗೋಡೆಯಿಂದ ಎಷ್ಟು ಅಡಿ?

ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. 55 ಇಂಚಿನ ಟಿವಿ ಸುಮಾರು 4 ಅಡಿ ಅಗಲ, 27 ಇಂಚು ಎತ್ತರ ಇರುತ್ತದೆ. ಆರಿಸಲು ಸುಲಭದ ಸೂತ್ರ ಒಂದಿದೆ: ಪರದೆಯ ಅಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಕುಳಿತರೆ ಕಣ್ಣಿಗೆ ಹಿತ. ಅದರ ಪ್ರಕಾರ 43 ಇಂಚಿಗೆ ಸುಮಾರು 6 ಅಡಿ, 55ಕ್ಕೆ 7ರಿಂದ 7.5 ಅಡಿ, 65ಕ್ಕೆ ಸುಮಾರು 9 ಅಡಿ. ಪಡಸಾಲೆ 10 ಅಡಿ ಅಗಲ ಇದ್ದು, ಒಂದು ಬದಿ ದಿವಾನ್ ಹಾಕಿದ್ದರೆ ಕೂರುವ ಜಾಗದಿಂದ ಟಿವಿಗೆ ಉಳಿಯುವುದು 7 ಅಡಿ. ಅಲ್ಲಿ 65 ಇಂಚು ತಂದರೆ ತಲೆ ಆಚೀಚೆ ತಿರುಗಿಸುತ್ತ ನೋಡಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಸೋಫಾ ಇದ್ದರೂ ಬಹಳಷ್ಟು ಮಂದಿ ಫರ್ಸಿ ಮೇಲೆ ಚಾಪೆ ಹಾಸಿ ಕೂತೇ ಟಿವಿ ನೋಡುತ್ತಾರೆ. ಅಂಥ ಮನೆಯಲ್ಲಿ ಟಿವಿಯನ್ನು ಆರಡಿ ಎತ್ತರಕ್ಕೆ ತೂಗುಹಾಕಿದರೆ ಅಜ್ಜಿ, ಅವ್ವ, ಮಕ್ಕಳ ಕುತ್ತಿಗೆ ಏನಾಗಬೇಡ? ಎಲ್ಲರೂ ಸಾಲಾಗಿ ಕೂರುವ ಮನೆಯಾದರೆ ಪಕ್ಕದಿಂದ ನೋಡಿದಾಗಲೂ ಬಣ್ಣ ಮಾಸದ ಪರದೆ ಬೇಕು. ಅಂಗಡಿಯಲ್ಲಿ ಎದುರಿಗೆ ನಿಂತು ನೋಡಿದರೆ ಸಾಲದು, ಗೋಡೆ ಬದಿಗೆ ಸರಿದು ಓರೆಯಾಗಿ ನೋಡಿ. ಐಪಿಎಸ್ ಮಾದರಿಯ ಪರದೆಯಲ್ಲಿ ಪಕ್ಕದ ನೋಟ ಚೆನ್ನಾಗಿರುತ್ತದೆ, ವಿಎ ಮಾದರಿಯಲ್ಲಿ ಕಪ್ಪು ಬಣ್ಣ ಚೆನ್ನಾಗಿ ಕಾಣುತ್ತದೆ. ಪಾಲಿಷ್ ಮಾಡಿದ ಶಹಾಬಾದಿ ಕಲ್ಲಿನ ನೆಲ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಹಾಗಾಗಿ ಬಾಗಿಲಿಗೆ ನೇರ ಎದುರು ಟಿವಿ ಇಡಬೇಡಿ.

4ಕೆ ಟಿವಿಯಲ್ಲಿ ಏನು ನೋಡುತ್ತೀರಿ?

ಹಳೆಯ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕಿಗಳಿರುತ್ತವೆ. 4ಕೆ ಪರದೆಯಲ್ಲಿ 83 ಲಕ್ಷ. ಅಂದರೆ ಒಂದು ಚುಕ್ಕಿಯ ಮಾಹಿತಿಯನ್ನು ಟಿವಿ ತಾನೇ ಊಹಿಸಿ ಇಪ್ಪತ್ತು ಚುಕ್ಕಿಗಳಿಗೆ ಹಂಚಬೇಕು. ಫ್ರೀ ಡಿಶ್ ಅಥವಾ ಎಸ್‌ಡಿ ಕೇಬಲ್ ಹಾಕಿಸಿರುವ ಮನೆಗೆ 65 ಇಂಚು ತಂದಾಗ ‘ಹಳೇ ಟಿವೀನೇ ಛೊಲೋ ಇತ್ತಲ್ಲೋ’ ಎಂದು ಹಿರಿಯರು ಹೇಳಿದರೆ ಅವರ ಕಣ್ಣಿನ ದೋಷವಲ್ಲ ಅದು. ಅಂಗಡಿಯಲ್ಲಿ ಹಾಕಿ ತೋರಿಸುವ ನವಿಲು, ಜಲಪಾತದ ವಿಡಿಯೊ 4ಕೆಗೆಂದೇ ಮಾಡಿದ್ದು. ಅದನ್ನು ನಿಲ್ಲಿಸಿ, ನೀವು ದಿನಾ ನೋಡುವ ಧಾರಾವಾಹಿಯ ಚಾನೆಲ್ ಹಾಕಿಸಿ ನೋಡಿ.

ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಓಟಿಟಿ ನೋಡುತ್ತೇವೆ ಅನ್ನುವವರಿಗೂ ಲೆಕ್ಕ ಇದೆ. ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ತಾಸಿಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಡೇಟಾ ತಿನ್ನುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಅರ್ಧ ಸಿನಿಮಾಕ್ಕೂ ಸಾಲದು. ಊರಿಗೆ ಫೈಬರ್ ಬಂದಿದೆಯೇ ಎಂದು ಮೊದಲು ವಿಚಾರಿಸಿ, ಇಂಚನ್ನು ಆಮೇಲೆ ಆರಿಸಿ.

‘ಕ್ಯೂಎಲ್ಇಡಿ’ ಅನ್ನುವುದೂ ಎಲ್‌ಸಿಡಿಯೇ, ಬಣ್ಣ ಹೆಚ್ಚಿಸುವ ಒಂದು ಪದರ ಸೇರಿರುತ್ತದೆ. ‘ಓಎಲ್ಇಡಿ’ ಮಾತ್ರ ನಿಜವಾಗಿ ಬೇರೆ ತಂತ್ರಜ್ಞಾನ, ಬೆಲೆಯೂ ಬೇರೆ. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಮೋಸ ಹೋಗಬೇಡಿ.

ಗೃಹಜ್ಯೋತಿ ಲೆಕ್ಕ

ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಹಲವರು ಈಗಲೂ ತಿಳಿದಿದ್ದಾರೆ. ಯೋಜನೆ ಶುರುವಾದಾಗಿನ ನಿಯಮದ ಪ್ರಕಾರ ನಿಮ್ಮ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕೊಡಬೇಕು. ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

32 ಇಂಚಿನ ಟಿವಿ ಸುಮಾರು 50 ವ್ಯಾಟ್, 55 ಇಂಚಿನದು ಮಾದರಿ ನೋಡಿಕೊಂಡು 110ರಿಂದ 150 ವ್ಯಾಟ್ ಎಳೆಯುತ್ತದೆ. ದಿನಕ್ಕೆ 5 ತಾಸು ಹಚ್ಚಿದರೆ ಮೊದಲನೆಯದಕ್ಕೆ ತಿಂಗಳಿಗೆ 7-8 ಯೂನಿಟ್, ಎರಡನೆಯದಕ್ಕೆ 20ರ ಆಸುಪಾಸು. 80 ಯೂನಿಟ್ ಸರಾಸರಿಯ ಮನೆಗೆ ಉಚಿತ ಮಿತಿ 88. ದೊಡ್ಡ ಟಿವಿಯೊಂದೇ ಆ ಮಿತಿಯನ್ನು ದಾಟಿಸಬಹುದು. ಹೊರೆ ನೂರು ರೂಪಾಯಿಯೊಳಗೇ ಇರುತ್ತದೆ, ಹೆದರಬೇಕಿಲ್ಲ. ಆದರೆ ಬೇಸಿಗೆಯಲ್ಲಿ ಕೂಲರ್ ಹಚ್ಚಿ 190ರ ಹತ್ತಿರ ಹೋಗುವ ಮನೆಗೆ ಈ ಹನ್ನೆರಡು ಯೂನಿಟ್ಟೇ ದುಬಾರಿ. ಬಿಇಇ ಸ್ಟಾರ್ ಚೀಟಿಯಲ್ಲಿ ವರ್ಷದ ಯೂನಿಟ್ ಅಚ್ಚಾಗಿರುತ್ತದೆ, ಎರಡು ಟಿವಿಗಳನ್ನು ಅದರಿಂದಲೇ ಹೋಲಿಸಿ.

ಕರೆಂಟ್, ಬಿಸಿಲು, ಧೂಳು

ಬಹುತೇಕ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತವೆ, ಹಿಂಬದಿಯ ಚೀಟಿ ಓದಿ. ಹಾಗಿದ್ದರೆ ವೋಲ್ಟೇಜ್ ಕಡಿಮೆಯಾದರೆ ತೊಂದರೆಯಿಲ್ಲ. ಟಿವಿ ಸುಡುವುದು ವೋಲ್ಟೇಜ್ ಏರಿದಾಗ. ಕಂಬದ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 400 ವೋಲ್ಟ್ ಹತ್ತಿರದವರೆಗೂ ನುಗ್ಗಬಹುದು. ಹೆಚ್ಚಾದಾಗ ತಾನೇ ಕಡಿತಗೊಳಿಸುವ ಸ್ಟೆಬಿಲೈಸರ್ ಮತ್ತು ಸರಿಯಾದ ಅರ್ಥಿಂಗ್ - ಇವೆರಡಕ್ಕೆ ಖರ್ಚು ಮಾಡಿ. ಗುಡುಗು ಸಿಡಿಲಿದ್ದಾಗ ಪ್ಲಗ್ ಜೊತೆ ಡಿಶ್ ವೈರನ್ನೂ ಕಿತ್ತಿಡಿ.

ಟಿವಿಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಬಿಸಿಗೆ ಮಾಡಿರುತ್ತಾರೆ. ನಮ್ಮ ಬೇಸಿಗೆ ಅದನ್ನು ದಾಟುತ್ತದೆ. ಗೂಡಿನೊಳಗೆ ಬಿಗಿಯಾಗಿ ಇಡದೆ ಸುತ್ತಲೂ ನಾಲ್ಕು ಬೆರಳು ಜಾಗ ಬಿಡಿ. ಕಲ್ಲುಗಣಿ, ಪಾಲಿಷ್ ಮಷಿನ್ ಹತ್ತಿರದ ಮನೆಗಳಲ್ಲಿ ಹಿಂಬದಿಯ ಕಿಂಡಿಗಳ ಧೂಳು ಆಗಾಗ ತೆಗೆಯಿರಿ. ಪರದೆಯನ್ನು ಒಣ ಮೆತ್ತನೆ ಬಟ್ಟೆಯಲ್ಲೇ ಒರೆಸಿ. ಹಳೆಯ ಕಲ್ಲುಗೋಡೆಯಾದರೆ ಮೊಳೆ ಕೂರುವ ಕಲ್ಲು ಪದರ ಬಿಡುತ್ತದೆಯೇ ಎಂದು ಮಿಸ್ತ್ರಿಗೆ ತೋರಿಸಿ.

ಕೆಟ್ಟರೆ ಯಾರು ಬರುತ್ತಾರೆ?

ದುಡ್ಡು ಕೊಡುವ ಮುಂಚೆ ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೇ ಬಂದು ರಿಪೇರಿ ಮಾಡುತ್ತಾರೋ ಇಲ್ಲವೋ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ಚಿಂಚೋಳಿಯ ಹಳ್ಳಿಯಿಂದ 55 ಇಂಚಿನ ಟಿವಿಯನ್ನು ಕಲಬುರಗಿಗೆ ಹೊತ್ತೊಯ್ಯುವುದು ಹುಡುಗಾಟವಲ್ಲ. ದಾರಿಯಲ್ಲಿ ಪರದೆ ಸೀಳಿದರೆ ವಾರಂಟಿ ಸಿಗುವುದಿಲ್ಲ. ಟಿವಿಯನ್ನು ಯಾವತ್ತೂ ಮಲಗಿಸಿ ಸಾಗಿಸಬೇಡಿ, ನಿಲ್ಲಿಸಿಯೇ ತನ್ನಿ. ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿ ಬಿಡಬೇಡಿ.

ತಕರಾರು ಬಂದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಟಿವಿಯನ್ನು ಆನ್‌ಲೈನ್‌ನಲ್ಲಿ ಎಲ್ಲಿಂದ ತರಿಸಿದ್ದರೂ ಈ ಹಕ್ಕು ಇದೆ.

ಬಡ್ಡಿಯಿಲ್ಲದ ಕಂತು ಅಂದಾಗ ಪ್ರೊಸೆಸಿಂಗ್ ಫೀ, ಜಬರ್ದಸ್ತಿಯಿಂದ ಸೇರಿಸುವ ವಿಮೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಒಮ್ಮೆಲೇ ಕೊಟ್ಟರೆ ಬೆಲೆ ಎಷ್ಟಾಗುತ್ತದೆ ಎಂದೂ ಕೇಳಿ. ಆ ಎರಡರ ನಡುವಿನ ಅಂತರವೇ ನೀವು ಕಟ್ಟುವ ಬಡ್ಡಿ.

ನನ್ನ ಸಲಹೆ ಇಷ್ಟೇ: ಎಸ್‌ಡಿ ಚಾನೆಲ್, 10 ಅಡಿಯ ಪಡಸಾಲೆ ಇದ್ದವರಿಗೆ 43 ಇಂಚು ಸಾಕು. ಫೈಬರ್ ಇದ್ದು, 7 ಅಡಿಗೂ ಹೆಚ್ಚು ದೂರ ಕೂರುವವರು 55 ತನ್ನಿ. ಉಳಿದ ದುಡ್ಡಲ್ಲಿ ಮೊದಲು ಅರ್ಥಿಂಗ್ ಮಾಡಿಸಿ.