ವಸಂತದ ತರಕಾರಿಗೆ ಒಪ್ಪುವ ವೈನ್

ಬೆಳೆದ ತರಕಾರಿಯನ್ನು ಮಂಡಿಗೆ ಮುಟ್ಟಿಸಿದೊಡನೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುವ ರೈತರೇ ಹೆಚ್ಚು. ಅದು ಯಾರ ತಟ್ಟೆಯನ್ನು ಸೇರಿತು, ಅದರೊಡನೆ ಅವರು ಏನನ್ನು ಉಂಡರು, ಏನನ್ನು ಕುಡಿದರು ಎಂದು ಯೋಚಿಸುವವರು ಕಡಿಮೆ. ಆದರೆ ಕೊಳ್ಳುವವನು ಮರಳಿ ಬರುವುದೂ ಬಾರದಿರುವುದೂ ನಿರ್ಧಾರವಾಗುವುದು ಆ ತಟ್ಟೆಯಲ್ಲಿಯೇ. ಇದನ್ನು ಚೆನ್ನಾಗಿ ಅರಿತುಕೊಂಡವರಲ್ಲಿ ಜರ್ಮನಿಯ ಫ್ರಾಂಕೋನಿಯಾ ಪ್ರಾಂತ್ಯದ ರೈತರೂ ಸೇರಿದ್ದಾರೆ.

ಕುಡಿತಕ್ಕೆ ಪ್ರೋತ್ಸಾಹ ಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ವಿಜಯಪುರದ ಕಡೆಗಳಲ್ಲಿ ವೈನ್ ತಳಿಯ ದ್ರಾಕ್ಷಿ ಬೆಳೆಯುವವರಿದ್ದಾರೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಜಾರಿಗೆ ತಂದಿತು. ತಾನು ಬೆಳೆದ ಹಣ್ಣಿನ ರಸ ಯಾವ ಊಟಕ್ಕೆ ಹೊಂದುತ್ತದೆ ಎಂಬುದು ಇಂಥ ಬೆಳೆಗಾರನಿಗೆ ತಿಳಿದಿರಬೇಕು.

ಗುಡ್ಡದ ಮೇಲೆ ದ್ರಾಕ್ಷಿ, ಹೊಳೆಯಂಚಿನಲ್ಲಿ ತರಕಾರಿ

ಫ್ರಾಂಕೋನಿಯಾದ ನಡುವೆ ಮೈನ್ ನದಿ ಅಂಕುಡೊಂಕಾಗಿ ಹರಿಯುತ್ತದೆ. ಫೋಲ್ಕಾಖ್ ಪಟ್ಟಣದ ಸುತ್ತಮುತ್ತ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ದ್ರಾಕ್ಷಿಯನ್ನೂ, ಹೊಳೆಯಂಚಿನ ಮರಳುಮಿಶ್ರಿತ ಭೂಮಿಯಲ್ಲಿ ಆಸ್ಪರಾಗಸ್ ಎಂಬ ತರಕಾರಿಯನ್ನೂ ಬೆಳೆಯುತ್ತಾರೆ. ಇಲ್ಲಿನ ಹೆಸರುವಾಸಿ ದ್ರಾಕ್ಷಿ ತಳಿ ಸಿಲ್ವಾನರ್. 1659ರಲ್ಲಿ ಕಾಸ್ಟೆಲ್ ಎಂಬ ಊರಿನಲ್ಲಿ ಇದನ್ನು ನೆಟ್ಟ ದಾಖಲೆ ಇದೆ.

ಆಸ್ಪರಾಗಸ್ ನಮಗೆ ಪೂರ್ತಿ ಅಪರಿಚಿತವಲ್ಲ. ನಮ್ಮ ಹಳ್ಳಿಗಳಲ್ಲಿ 'ಹಲವು ಮಕ್ಕಳ ತಾಯಿ ಬೇರು' ಅಥವಾ 'ಮಜ್ಜಿಗೆ ಗೆಡ್ಡೆ' ಎಂದು ಕರೆಯುವ ಶತಾವರಿಯೂ ಇದೇ ಕುಲಕ್ಕೆ ಸೇರಿದೆ. ನಾವು ಶತಾವರಿಯ ಬೇರನ್ನು ಬಳಸಿದರೆ, ಅವರು ಆಸ್ಪರಾಗಸ್ಸಿನ ಎಳೆಯ ಚಿಗುರುದಂಟನ್ನು ತಿನ್ನುತ್ತಾರೆ.

ಮಣ್ಣಿನೊಳಗೆ ಬೆಳೆಯುವ ಬಿಳಿ ದಂಟು

ಇದು ಬಹುವಾರ್ಷಿಕ ಬೆಳೆ. ನೆಟ್ಟ ವರ್ಷ ಕೊಯ್ಲೇ ಇಲ್ಲ. ಪೂರ್ಣ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ವಸಂತ ಋತುವಿನ ಆರಂಭದಲ್ಲಿ ಸಾಲುಗಳ ಮೇಲೆ ಎತ್ತರಕ್ಕೆ ಮಣ್ಣು ಏರಿಸುತ್ತಾರೆ. ಬಿಸಿಲು ತಾಗದಿರುವುದರಿಂದ ದಂಟು ಬಿಳಿಯಾಗಿ, ಮೃದುವಾಗಿ ಬೆಳೆಯುತ್ತದೆ. ತುದಿಗೆ ಬೆಳಕು ಸೋಕಿದರೆ ಅದು ನೇರಳೆಗೆ ತಿರುಗಿ, ಆಮೇಲೆ ಹಸಿರಾಗುತ್ತದೆ. ಮಣ್ಣು ಏರಿಸದೆ ಬೆಳೆದದ್ದೇ ಹಸಿರು ಆಸ್ಪರಾಗಸ್.

ಏರಿನ ಮೇಲೆ ಸಣ್ಣ ಬಿರುಕು ಕಂಡಲ್ಲಿ ಕೊಯ್ಯುವವರು ಬೆರಳಿನಿಂದ ಮಣ್ಣು ಬಿಡಿಸಿ, ಉದ್ದನೆಯ ಚಾಕುವಿನಿಂದ ದಂಟನ್ನು ಬುಡದಲ್ಲಿ ಕತ್ತರಿಸುತ್ತಾರೆ. ಬಳಿಕ ಗುಂಡಿಯನ್ನು ಮುಚ್ಚಿ ಮಣ್ಣನ್ನು ಸವರುತ್ತಾರೆ. ಒಂದೊಂದು ದಂಟಿಗೂ ಬಗ್ಗಿ ಏಳಬೇಕಾದುದರಿಂದ ಕೂಲಿಯ ಖರ್ಚೇ ದೊಡ್ಡದು. ಪೋಲೆಂಡ್, ರುಮೇನಿಯಾ ದೇಶಗಳಿಂದ ಕೆಲಸಗಾರರು ಬರುತ್ತಾರೆ. ಇಷ್ಟು ಖರ್ಚು ಮಾಡಿ ಬೆಳೆದ ತರಕಾರಿ ತಟ್ಟೆಯಲ್ಲಿ ರುಚಿಗೆಟ್ಟರೆ ರೈತನಿಗೆ ನಷ್ಟವೇ ಸರಿ.

ವೈನಿನೊಡನೆ ಜಗಳ ಏಕೆ?

ಬಹುತೇಕ ಊಟಕ್ಕೆ ಹೊಂದುವ ಕೆಂಪು ವೈನ್ ಆಸ್ಪರಾಗಸ್ಸಿನೊಡನೆ ಹೊಂದುವುದಿಲ್ಲ. ಬಾಳೆಕಾಯಿ, ಎಳೆಯ ಸೀಬೆಕಾಯಿ ಕಚ್ಚಿದಾಗ ನಾಲಗೆ ಹಿಡಿದಂತಾಗುವ ಒಗರು ನಿಮಗೆ ಗೊತ್ತು. ಕೆಂಪು ವೈನಿನಲ್ಲಿ ಸಿಪ್ಪೆ ಮತ್ತು ಬೀಜದಿಂದ ಇಂಥ ಒಗರು ಇಳಿದಿರುತ್ತದೆ. ಆಸ್ಪರಾಗಸ್ಸಿನಲ್ಲಿ ಗಂಧಕದ ಸಂಯುಕ್ತಗಳೂ, ಬುಡದ ಕಡೆಗೆ ಕಹಿ ಅಂಶವೂ ಇರುತ್ತವೆ. ಇವೆರಡೂ ಬಾಯಲ್ಲಿ ಸೇರಿದಾಗ ಕಹಿ ಹೆಚ್ಚಿ, ಲೋಹ ನೆಕ್ಕಿದಂಥ ರುಚಿ ಬರುತ್ತದೆ.

ಸಿಲ್ವಾನರ್ ಬಿಳಿ ವೈನ್. ಇದರಲ್ಲಿ ಒಗರು ಇಲ್ಲವೆಂಬಷ್ಟು ಕಡಿಮೆ, ಹುಳಿ ಹದವಾಗಿದೆ, ಪರಿಮಳವೂ ಮಂದ. ಆದ್ದರಿಂದ ಬೆಣ್ಣೆ ಹಾಕಿ ಬಡಿಸಿದ ಬಿಳಿ ದಂಟಿನ ಸೌಮ್ಯ ರುಚಿಯನ್ನು ಇದು ಮುಚ್ಚಿಹಾಕುವುದಿಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದವರು ಇದೇ ತರಕಾರಿಗೆ ಸಿಹಿಯಿಲ್ಲದ ಮಸ್ಕಟ್ ವೈನನ್ನು ಇಡುತ್ತಾರೆ.

ಹಸಿರು ಆಸ್ಪರಾಗಸ್ಸಿಗೆ ಸಾವಿನ್ಯೋಂ ಬ್ಲಾಂಕ್ ಎಂಬ ಬಿಳಿ ತಳಿಯ ವೈನ್ ಒಪ್ಪುತ್ತದೆ. ದಪ್ಪಮೆಣಸಿನಕಾಯಿಗೆ ಹಸಿರು ವಾಸನೆ ಕೊಡುವ ದ್ರವ್ಯವೇ ಈ ದ್ರಾಕ್ಷಿಯಲ್ಲಿಯೂ ಅಲ್ಪ ಪ್ರಮಾಣದಲ್ಲಿರುವುದರಿಂದ ಎರಡರ ವಾಸನೆಯೂ ಕೂಡಿಕೊಳ್ಳುತ್ತದೆ.

ನೆಲ್ಲಿಕಾಯಿಯ ಪಾಠ

ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿಯೆನಿಸುವುದು ನಮ್ಮ ಮಕ್ಕಳಿಗೂ ಗೊತ್ತು. ಇಟಲಿಯಲ್ಲಿ ವಸಂತದಲ್ಲಿ ತಿನ್ನುವ ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿಯೂ ಹೀಗೆಯೇ ಮಾಡುತ್ತದೆ. ಅದನ್ನು ತಿಂದ ಹಲವರಿಗೆ ನೀರು ಸಿಹಿಯಾಗುವುದನ್ನು 1972ರಲ್ಲಿ ಅಮೆರಿಕದ ಲಿಂಡಾ ಬಾರ್ಟೋಷಕ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದರು. ವೈನ್ ಸಹ ಹಾಗೆಯೇ ಸಿಹಿಯೆನಿಸಿ ಸಪ್ಪಗಾಗುತ್ತದೆ. ಅದಕ್ಕಾಗಿ ಇದರೊಡನೆ ಹುಳಿ ಚುರುಕಾಗಿರುವ ಬಿಳಿ ವೈನನ್ನೇ ಆರಿಸಬೇಕು.

ಎಳೆ ಬಟಾಣಿಯ ವಿಷಯ ಇದಕ್ಕೆ ತಿರುಗುಮುರುಗು. ಹೋಳಿಗೆ ತಿಂದ ಮೇಲೆ ಕಾಫಿ ಸಪ್ಪೆಯಾಗುವಂತೆ, ಸಿಹಿ ಪದಾರ್ಥದ ಮುಂದೆ ಸಿಹಿಯಿಲ್ಲದ ವೈನ್ ಬರೀ ಹುಳಿಯೆನಿಸುತ್ತದೆ. ಎಳೆ ಬಟಾಣಿಗೆ ಹುಳಿ ಕಡಿಮೆಯಿರುವ, ಹಣ್ಣಿನ ಸ್ವಾದದ ವೈನ್ ಲೇಸು. ಆದರೆ ಕಿತ್ತ ಬಟಾಣಿಯನ್ನು ಬಿಸಿಲಲ್ಲಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಆಮೇಲೆ ಯಾವ ವೈನ್ ಇಟ್ಟರೂ ಹೋದ ರುಚಿ ಬಾರದು.

ಆಸ್ಪರಾಗಸ್ಸೂ ಹಾಗೆಯೇ. ಎರಡು ದಂಟುಗಳನ್ನು ಒಂದಕ್ಕೊಂದು ಉಜ್ಜಿದಾಗ ಕೀಚ್ ಎಂದರೆ, ಕತ್ತರಿಸಿದ ತುದಿಯನ್ನು ಒತ್ತಿದಾಗ ನೀರು ಜಿನುಗಿದರೆ ಅದು ತಾಜಾ ಎಂದು ಅಲ್ಲಿನ ಗೃಹಿಣಿಯರು ಪರೀಕ್ಷಿಸಿ ಕೊಳ್ಳುತ್ತಾರೆ. ಹಳತಾದದ್ದು ನಾರಾಗುತ್ತದೆ.

ಜೂನ್ 24ರ ಕಟ್ಟಳೆ

ಕೊಯ್ಲು ಏಪ್ರಿಲ್ ಹೊತ್ತಿಗೆ ಆರಂಭವಾಗಿ, ವಾಡಿಕೆಯಂತೆ ಜೂನ್ 24ರ ಸಂತ ಯೋಹಾನರ ಹಬ್ಬದಂದು ನಿಲ್ಲುತ್ತದೆ. ಜೂನ್ 25ರಂದೂ ಏರಿನಲ್ಲಿ ಚಿಗುರು ಮೂಡುತ್ತಿರುತ್ತದೆ, ಕೊಳ್ಳುವವರೂ ಇರುತ್ತಾರೆ. ಆದರೂ ರೈತ ಚಾಕುವನ್ನು ಒಳಗಿಡುತ್ತಾನೆ. ಅಂದಿನಿಂದ ಚಿಗುರುಗಳು ಎತ್ತರಕ್ಕೆ ಬೆಳೆದು, ನವಿರಾದ ಹಸಿರು ಹರಡಿ, ಬಿಸಿಲಿನಲ್ಲಿ ಆಹಾರ ತಯಾರಿಸಿ ಬೇರಿಗೆ ಇಳಿಸಬೇಕು. ಮುಂದಿನ ವಸಂತದ ದಂಟು ಬರುವುದು ಈ ಉಳಿತಾಯದಿಂದ. ಆಸೆಪಟ್ಟು ಕೊಯ್ಲು ಮುಂದುವರಿಸಿದರೆ ಮರುವರ್ಷ ದಂಟುಗಳು ಸಣಕಲಾಗಿ, ತೋಟವೇ ಬೇಗ ಮುಪ್ಪಾಗುತ್ತದೆ. ಒಂದು ವಾರದ ಹಣಕ್ಕಾಗಿ ಮುಂದಿನ ವರ್ಷಗಳ ಫಸಲನ್ನು ಮಾರಬೇಕೇ ಎಂಬ ಪ್ರಶ್ನೆ ಪ್ರತಿ ಜೂನ್ ತಿಂಗಳಲ್ಲೂ ಅವನ ಮುಂದಿರುತ್ತದೆ.

ನಮ್ಮ ಬೆಳೆಗಾರರಿಗೆ

ಇದನ್ನು ಓದಿ ನಾಳೆಯೇ ಆಸ್ಪರಾಗಸ್ ನೆಡಲು ಹೊರಡಬೇಡಿ. ಅಲ್ಲಿನ ಕೊರೆಯುವ ಚಳಿಗಾಲ ಆ ಗಿಡಕ್ಕೆ ಕೊಡುವ ವಿಶ್ರಾಂತಿ ನಮ್ಮಲ್ಲಿ ದೊರೆಯುವುದಿಲ್ಲ. ಆದರೆ ಸಾವಿನ್ಯೋಂ ಬ್ಲಾಂಕ್ ನಂದಿ ಬೆಟ್ಟದ ಆಸುಪಾಸಿನಲ್ಲಿಯೂ ಬೆಳೆಯುತ್ತದೆ. ಅದನ್ನು ಬೆಳೆಯುವವರು ಈ ಅಂಶಗಳನ್ನು ನೆನಪಿಡಬೇಕು:

1. ಸಕ್ಕರೆ ಅಂಶ ಇನ್ನಷ್ಟು ಏರಲೆಂದು ಗೊಂಚಲನ್ನು ಬೇಸಗೆಯ ಬಿಸಿಲಲ್ಲಿ ಅತಿಯಾಗಿ ಬಿಟ್ಟರೆ ಹುಳಿ ಇಳಿದುಹೋಗುತ್ತದೆ. ಹುಳಿಯಿಲ್ಲದ ಬಿಳಿ ವೈನ್ ತರಕಾರಿ ಊಟಕ್ಕೆ ಸಪ್ಪೆ. ಸಕ್ಕರೆ, ಹುಳಿ ಎರಡನ್ನೂ ಪರೀಕ್ಷಿಸಿ ಕೊಯ್ಲಿನ ದಿನವನ್ನು ಗೊತ್ತುಮಾಡಿ.

2. ಗೊಂಚಲಿನ ಸುತ್ತ ಎಲೆ ದಟ್ಟವಾಗಿದ್ದರೆ ಹಸಿರು ವಾಸನೆ ಅತಿಯಾಗುತ್ತದೆ. ಕಾಯಿ ಎಳೆಯದಾಗಿರುವಾಗಲೇ ಒಂದಿಷ್ಟು ಎಲೆ ಬಿಡಿಸಿದರೆ ವಾಸನೆ ಹದಕ್ಕೆ ಬರುತ್ತದೆ. ಆದರೆ ಹಣ್ಣು ಸುಟ್ಟುಹೋಗುವಷ್ಟು ಬರಿದು ಮಾಡಬಾರದು.

3. ಹೊತ್ತೇರುವ ಮುನ್ನ ತಂಪಿನಲ್ಲಿ ಕೊಯ್ದು, ತಡಮಾಡದೆ ಕಳುಹಿಸಿ. ಎಳೆ ಬಟಾಣಿಗೂ ಇದೇ ಮಾತು.

ತರಕಾರಿಗೆ ತಕ್ಕ ವೈನನ್ನು ಆರಿಸುವವನು ಉಣ್ಣುವವನು. ಆದರೆ ಆರಿಸಲು ಯೋಗ್ಯವಾದುದನ್ನು ಒದಗಿಸುವವನು ರೈತ. ಯಾವಾಗ ಕೊಯ್ಯಬೇಕು, ಯಾವಾಗ ನಿಲ್ಲಿಸಬೇಕು ಎಂಬ ಎರಡನ್ನೂ ಅರಿತವನ ಬೆಳೆಯನ್ನು ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ.